ತರಬೇತಿ ಮುಗಿಸಿದ ಹಳ್ಳಿ ಹುಡುಗರು ಉದ್ಯಮ ಶುರು ಮಾಡುತ್ತಿಲ್ಲ, ಏನು ಮಾಡೋಣ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ಗ್ರಾಮೀಣ ಯುವಕ ಯುವತಿಯರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಹೊಲಿಗೆ, ಮೊಬೈಲ್ ರಿಪೇರಿ, ಕೋಳಿ ಸಾಕಣೆ, ಹೀಗೆ. ಬ್ಯಾಚ್ ಮುಗಿಯುವ ದಿನ ಎಲ್ಲರಿಗೂ ಭಾರೀ ಉತ್ಸಾಹ. ಕೆಲವು ತಿಂಗಳು ಬಿಟ್ಟು ಫೋನ್ ಮಾಡಿದರೆ ಹೆಚ್ಚಿನವರು ಏನೂ ಶುರು ಮಾಡಿರುವುದಿಲ್ಲ. ಮಾಡಿದವರಲ್ಲೂ ಕೆಲವರು ಮುಚ್ಚಿ ಕೂಲಿಗೆ ನಗರ ಸೇರಿರುತ್ತಾರೆ. ತರಬೇತಿಯಲ್ಲೇ ಏನೋ ಕಮ್ಮಿ ಇದೆ ಅಂತ ನಮ್ಮ ಮೇಲಿನವರು ಇನ್ನೂ ಎರಡು ವಾರದ ಪಾಠ ಸೇರಿಸಲು ಹೊರಟಿದ್ದಾರೆ. ಇದರಿಂದ ಪ್ರಯೋಜನ ಆಗುತ್ತಾ?

ಉತ್ತರ: ನೇರವಾಗಿ ಹೇಳುತ್ತೇನೆ, ಪಾಠ ಜಾಸ್ತಿ ಮಾಡಬೇಡಿ. ಆ ಎರಡು ವಾರಕ್ಕೆ ಆಗುವ ಖರ್ಚನ್ನು ತರಬೇತಿ ಮುಗಿದ ಮೇಲಿನ ಒಂದು ವರ್ಷಕ್ಕೆ ಎತ್ತಿಡಿ. ಹುಡುಗರು ಸೋಲುವುದು ಆ ವರ್ಷದಲ್ಲಿ. ಹೊಲಿಗೆ ಕಲಿತಿರುತ್ತಾರೆ, ಮೆಷಿನ್ ಇರುವುದಿಲ್ಲ. ಮೆಷಿನ್ ಸಿಕ್ಕರೆ ಬಟ್ಟೆ, ದಾರ ತರಲು ದುಡ್ಡಿರುವುದಿಲ್ಲ. ಅದೂ ಹೇಗೋ ಆಯಿತು ಅನ್ನಿ, ಮೊದಲು ಬರುವ ಗಿರಾಕಿಗಳೆಲ್ಲ ನೆಂಟರು ಅಥವಾ ಪರಿಚಯದವರು, ಆಮೇಲೆ ಕೊಡುತ್ತೇನೆ ಅಂತ ಹೇಳಿ ಹೋಗುತ್ತಾರೆ, ಇವರಿಗೆ ಕೇಳಲು ಸಂಕೋಚ. ಬಾಕಿ ಬೆಳೆಯುತ್ತದೆ, ಕೈಯಲ್ಲಿದ್ದ ಬಂಡವಾಳ ಕರಗುತ್ತದೆ. ಆ ಹೊತ್ತಿನಲ್ಲಿ ಒಂದು ಮಾತು ಕೇಳೋಣ ಅಂದರೆ ನಿಮ್ಮ ಸಂಸ್ಥೆಯಿಂದ ಯಾರೂ ಇರುವುದಿಲ್ಲ, ಯಾಕೆಂದರೆ ನೀವು ಆಗಲೇ ಮುಂದಿನ ಬ್ಯಾಚಿನಲ್ಲಿ ಮುಳುಗಿರುತ್ತೀರಿ.

ತರಬೇತಿ ಬೇಡ ಅಂತ ಅಲ್ಲ. ಯಾವ ತರಬೇತಿ ಅನ್ನುವುದು ಮುಖ್ಯ. ಟೋಗೋ ದೇಶದ ರಾಜಧಾನಿ ಲೋಮೆಯಲ್ಲಿ 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿ ಒಂದು ಪ್ರಯೋಗ ನಡೆಯಿತು, ಅದರ ಫಲಿತಾಂಶ 2017ರಲ್ಲಿ ಹೊರಬಂತು. ಒಂದು ಗುಂಪಿಗೆ ಮಾಮೂಲಿ ಪಾಠ, ಅಂದರೆ ಲೆಕ್ಕಪತ್ರ, ಮಾರ್ಕೆಟಿಂಗ್, ಹಣಕಾಸು. ಇನ್ನೊಂದು ಗುಂಪಿಗೆ ಯಾರೂ ಹೇಳುವ ಮುಂಚೆ ತಾನೇ ಹೆಜ್ಜೆ ಇಡುವ ಅಭ್ಯಾಸ: ಪಕ್ಕದವರು ಮಾಡದ್ದನ್ನು ಹುಡುಕುವುದು, ಅಡ್ಡಿ ಏನು ಬರಬಹುದು ಅಂತ ಮೊದಲೇ ಯೋಚಿಸುವುದು, ಬಂದರೆ ಬಿಡದೆ ಬೇರೆ ದಾರಿ ನೋಡುವುದು. ಮೂರನೆಯ ಗುಂಪಿಗೆ ಯಾವ ತರಬೇತಿಯೂ ಇಲ್ಲ. ಎರಡನೆಯ ಗುಂಪಿನವರ ಲಾಭ ಶೇ. 30ರಷ್ಟು ಏರಿತು. ಮಾಮೂಲಿ ಪಾಠ ಕೇಳಿದವರದ್ದು ಶೇ. 11 ಮಾತ್ರ, ಅದು ಪಾಠದಿಂದಲೇ ಆದ ಏರಿಕೆ ಅಂತ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಅವರೆಲ್ಲ ನಗರದವರು, ಆಗಲೇ ವ್ಯಾಪಾರ ಮಾಡುತ್ತಿದ್ದವರು, ಆ ವ್ಯತ್ಯಾಸ ನೆನಪಿರಲಿ. ಆದರೂ ನಿಮ್ಮ ಮೇಲಿನವರು ಎರಡು ವಾರ ಸೇರಿಸಲೇಬೇಕು ಅಂದರೆ ಆ ಎರಡು ವಾರ ಹುಡುಗರು ಕ್ಲಾಸಿನಲ್ಲಿ ಕೂರದೆ ಹೊರಗೆ ಹೋಗಿ ನಿಜವಾದ ಗಿರಾಕಿಗೆ ಏನಾದರೂ ಮಾರಿ ಬರಲಿ.

ಲೆಕ್ಕದ ವಿಷಯದಲ್ಲೂ ಹಾಗೇ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕೆಲವರಿಗೆ ಪೂರ್ತಿ ಅಕೌಂಟಿಂಗ್ ಕಲಿಸಿದರು, ಇನ್ನು ಕೆಲವರಿಗೆ ಸರಳ ಸೂತ್ರಗಳನ್ನಷ್ಟೇ ಹೇಳಿಕೊಟ್ಟರು, ಉದಾಹರಣೆಗೆ ಮನೆ ದುಡ್ಡು ಮತ್ತು ವ್ಯಾಪಾರದ ದುಡ್ಡು ಬೇರೆ ಬೇರೆ ಇಡುವುದು. ಜನ ನಿಜವಾಗಿ ಪಾಲಿಸಿದ್ದು ಸರಳ ಸೂತ್ರಗಳನ್ನು. ಪೂರ್ತಿ ಅಕೌಂಟಿಂಗ್ ಕಲಿತವರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ.

ಪ್ರಶ್ನೆ (ಇನ್ನೊಬ್ಬರು): ದುಡ್ಡಿನ ವಿಷಯ ಹೇಳಿ ಮೇಡಂ. ಸಾಲ ಕೊಡಿಸುವುದು ಒಳ್ಳೆಯದಾ, ಅಥವಾ ಸಹಾಯಧನವಾ? ನಮ್ಮ ಹುಡುಗರ ಹೆಸರಲ್ಲಿ ಜಮೀನಿಲ್ಲ, ಬ್ಯಾಂಕಿನವರು ಅಡಮಾನ ಕೇಳುತ್ತಾರೆ.

ಉತ್ತರ: ಜಮೀನು ಅಪ್ಪನ ಹೆಸರಲ್ಲಿ ಅಥವಾ ಅಜ್ಜನ ಹೆಸರಲ್ಲಿ ಇರುತ್ತದೆ, ಪಾಲು ಕೈಗೆ ಬರುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ತುಂಬಾ ದೇಶಗಳಲ್ಲಿ ಇದೇ ಕಥೆ. ಅದಕ್ಕೇ ಕಿರುಸಾಲದ ಮೇಲೆ, ಅಂದರೆ ಸಾಮಾನ್ಯವಾಗಿ ಅಡಮಾನ ಕೇಳದೆ ಕೊಡುವ ಸಣ್ಣ ಸಾಲದ ಮೇಲೆ, ಎಲ್ಲರೂ ಅಷ್ಟು ನಂಬಿಕೆ ಇಟ್ಟರು. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ, ಈ ಆರು ದೇಶಗಳಲ್ಲಿ ಬೇರೆ ಬೇರೆ ತಂಡಗಳು ಮಾಡಿದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕಿರುಸಾಲದಿಂದ ಸ್ವಲ್ಪ ಅನುಕೂಲ ಇದೆ, ಆದರೆ ಬಡತನದಿಂದ ಮೇಲೆತ್ತುವಷ್ಟು ಅಲ್ಲ ಅಂತ ಅವು ಹೇಳಿದವು. ಒಂದು ಕಾರಣ ಕಂತಿನಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಸಾಲ ತೆಗೆದುಕೊಂಡ ಎರಡೇ ವಾರಕ್ಕೆ ಮೊದಲ ಕಂತು ಕಟ್ಟು ಅಂದರೆ ಆ ಹುಡುಗ ಏನು ಮಾಡಬೇಕು? ಕೋಳಿ ಮರಿ ಬೆಳೆಯಬೇಕು, ಸಸಿ ಮಾರಾಟಕ್ಕೆ ಬರಬೇಕು. ಕಂತಿನ ಭಯಕ್ಕೆ ದಿನಾ ದುಡ್ಡು ತಿರುಗುವ ಸಣ್ಣ ವ್ಯಾಪಾರವನ್ನೇ ಹಿಡಿಯುತ್ತಾನೆ. ಕೋಲ್ಕತ್ತಾದಲ್ಲಿ ಸಾಲಗಾರರ ಒಂದು ಗುಂಪಿಗೆ ಎರಡು ವಾರದ ಬದಲು ಎರಡು ತಿಂಗಳು ಬಿಡುವು ಕೊಟ್ಟು ನೋಡಿದರು. ಅವರು ವ್ಯಾಪಾರಕ್ಕೆ ಜಾಸ್ತಿ ದುಡ್ಡು ಹಾಕಿದರು, ಮುಂದೆ ಲಾಭವೂ ಜಾಸ್ತಿ ಬಂತು. ಆದರೆ ಸಾಲ ಕಟ್ಟದೆ ಉಳಿದವರ ಸಂಖ್ಯೆಯೂ ಏರಿತು, ಹಾಗಾಗಿ ಸಾಲ ಕೊಡುವವರು ಹಿಂಜರಿಯುವುದಕ್ಕೂ ಅರ್ಥ ಇದೆ.

ನನ್ನನ್ನು ಕೇಳಿದರೆ, ಮೊದಲ ಬಂಡವಾಳ ಆದಷ್ಟೂ ಸಹಾಯಧನ ಆಗಿರಲಿ, ಅದೂ ಒಂದೇ ಸಲ ಕೈಗೆ ಸಿಗಲಿ. ಉತ್ತರ ಉಗಾಂಡದಲ್ಲಿ 2008ರಲ್ಲಿ ಸರ್ಕಾರ ಯುವಕರ ಗುಂಪುಗಳಿಗೆ, ಗುಂಪಿನ ಒಬ್ಬೊಬ್ಬರಿಗೆ ಸುಮಾರು 380 ಡಾಲರ್ ಲೆಕ್ಕದಲ್ಲಿ, ದುಡ್ಡು ಕೊಟ್ಟಿತು. ಯಾವ ಕಸುಬು, ಯಾರ ಹತ್ತಿರ ಕಲಿಯುವುದು, ಏನು ಸಾಮಾನು ಕೊಳ್ಳುವುದು ಅಂತ ಗುಂಪುಗಳೇ ಬರೆದುಕೊಟ್ಟಿದ್ದವು. ದುಡ್ಡು ಕೊಟ್ಟ ಮೇಲೆ ಯಾರೂ ಉಸ್ತುವಾರಿಗೆ ಬರಲಿಲ್ಲ. ನಾಲ್ಕು ವರ್ಷದ ನಂತರ ನೋಡಿದರೆ, ದುಡ್ಡು ಸಿಗದ ಗುಂಪುಗಳಿಗಿಂತ ಇವರ ಸಂಪಾದನೆ ಶೇ. 38 ಜಾಸ್ತಿ ಇತ್ತು. ಬಡವರಿಗೆ ಸುಮ್ನೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆ ಅನ್ನುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುವುದು. ಆದರೆ ಒಂಬತ್ತು ವರ್ಷ ಆಗುವ ಹೊತ್ತಿಗೆ ಉಳಿದವರೂ ಸಂಪಾದನೆಯಲ್ಲಿ ಇವರನ್ನು ಮುಟ್ಟಿದ್ದರು. ಉಪಕರಣ, ಆಸ್ತಿ ಮತ್ತು ಕಸುಬಿನ ಕೆಲಸದಲ್ಲಿ ಮಾತ್ರ ಇವರು ಇನ್ನೂ ಸ್ವಲ್ಪ ಮುಂದಿದ್ದರು. ಅಂದರೆ ಆ ದುಡ್ಡು ಇವರನ್ನು ಕೆಲವು ವರ್ಷ ಬೇಗ ನಿಲ್ಲಿಸಿತು. ಇಪ್ಪತ್ತರ ಹರೆಯದಲ್ಲಿ ಆ ಕೆಲವು ವರ್ಷ ಸಣ್ಣದಲ್ಲ.

ಸಹಾಯಧನಕ್ಕೆ ದಾರಿ ಇಲ್ಲದಿದ್ದರೆ ಉಳಿತಾಯ ಗುಂಪಿನಿಂದ ಶುರು ಮಾಡಿ. ಕೇರ್ ಅನ್ನುವ ಅಂತರರಾಷ್ಟ್ರೀಯ ನೆರವಿನ ಸಂಸ್ಥೆ 1991ರಲ್ಲಿ ನೈಜರ್ ದೇಶದ ಹಳ್ಳಿಗಳಲ್ಲಿ ಶುರು ಮಾಡಿದ ಪದ್ಧತಿ ಇದು, ಈಗ ಎಷ್ಟೋ ದೇಶಗಳಿಗೆ ಹರಡಿದೆ. ಹದಿನೈದರಿಂದ ಇಪ್ಪತ್ತೈದು ಜನ ಸೇರಿ ದುಡ್ಡು ಕೂಡಿಸುತ್ತಾರೆ. ಪೆಟ್ಟಿಗೆಗೆ ಮೂರು ಬೀಗ, ಮೂವರ ಹತ್ತಿರ ಒಂದೊಂದು ಕೀಲಿ. ತಮ್ಮೊಳಗೇ ಸಾಲ ಕೊಟ್ಟುಕೊಂಡು ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಳ್ಳುತ್ತಾರೆ. ಹೊರಗಿನ ಬ್ಯಾಂಕೂ ಬೇಕಿಲ್ಲ, ಅಡಮಾನವೂ ಬೇಕಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಒಂದು ಅನುಮಾನ ಮೇಡಂ. ತರಬೇತಿ ಆದ ಮೇಲೆ ಜೊತೆಗಿರಬೇಕು ಅಂದಿರಿ. ಉಗಾಂಡದಲ್ಲಿ ಯಾರೂ ಹಿಂದೆ ಹೋಗದೆಯೂ ನಡೆಯಿತಲ್ಲಾ?

ಉತ್ತರ: ಸರಿಯಾದ ಪ್ರಶ್ನೆ. ಅಲ್ಲಿ ಗುಂಪುಗಳು ತಾವೇ ಮುಂದೆ ಬಂದು ಅರ್ಜಿ ಹಾಕಿದ್ದವು, ಕಸುಬು ತಾವೇ ಆರಿಸಿಕೊಂಡಿದ್ದವು, ಪರಸ್ಪರ ಗೊತ್ತಿದ್ದ ಜನ. ನಿಮ್ಮ ಬ್ಯಾಚಿಗೆ ಜನ ಹೇಗೆ ಬರುತ್ತಾರೆ? ಇಷ್ಟು ಜನರನ್ನು ಸೇರಿಸಲೇಬೇಕು ಅನ್ನುವ ಗುರಿ ಇರುತ್ತದೆ, ನೀವು ಹಳ್ಳಿಗೆ ಹೋಗಿ ಕರೆದುಕೊಂಡು ಬರುತ್ತೀರಿ, ನಿಮ್ಮ ಹತ್ತಿರ ಹೊಲಿಗೆ ಮೇಷ್ಟ್ರು ಇದ್ದಾರೆ ಅಂತ ಅವರಿಗೆ ಹೊಲಿಗೆ ಕಲಿಸುತ್ತೀರಿ. ತಾನೇ ಆರಿಸದ ಕಸುಬಿಗೆ ಜೊತೆಗಾರರು ಜಾಸ್ತಿ ಬೇಕಾಗುತ್ತದೆ. ಇನ್ನೊಂದು ಮಾತು, ಜೊತೆಗಿರುವುದು ಅಂದರೆ ಫಾರ್ಮ್ ಹಿಡಿದು ತಪಾಸಣೆಗೆ ಹೋಗುವುದಲ್ಲ. ತಿಂಗಳಿಗೊಮ್ಮೆ ಅವರ ಅಂಗಡಿಯಲ್ಲೇ ಕೂತು, ಈ ತಿಂಗಳು ಯಾರು ಬಂದರು, ಯಾರು ಬರಲಿಲ್ಲ, ಬಾಕಿ ಎಷ್ಟು, ಸಾಮಾನು ಎಲ್ಲಿಂದ ತಂದೆ ಅಂತ ಮಾತಾಡುವುದು. ಅದೇ ಕಸುಬನ್ನು ಪಕ್ಕದ ಊರಿನಲ್ಲಿ ಕೆಲವು ವರ್ಷದಿಂದ ಮಾಡುತ್ತಿರುವ ಒಬ್ಬರು ಹೋದರೆ ನಿಮಗಿಂತ ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರ ಓಡಾಟದ ಖರ್ಚು, ಸ್ವಲ್ಪ ಗೌರವಧನ ಕೊಡಿ. ಆ ಎರಡು ವಾರದ ಖರ್ಚು ಎತ್ತಿಡಿ ಅಂದಿದ್ದು ಇದಕ್ಕೇ.

ಪ್ರಶ್ನೆ (ಒಬ್ಬ ಯುವತಿ): ಅಕ್ಕಾ, ನಾನು ತರಬೇತಿ ಮುಗಿಸಿದ್ದೇನೆ. ಸ್ವಲ್ಪ ಸಹಾಯಧನವೂ ಬರುತ್ತದೆ ಅಂತಿದ್ದಾರೆ. ಆದರೆ ಮನೆಯಲ್ಲಿ ಆ ದುಡ್ಡು ಅಣ್ಣನ ಅಂಗಡಿಗೆ ಹಾಕು, ನಿನಗೆ ಹೇಗೂ ಮದುವೆ ಆಗುತ್ತದೆ ಅಂತಾರೆ. ಏನು ಮಾಡಲಿ?

ಉತ್ತರ: ಇದು ನಿಮ್ಮೊಬ್ಬರ ಮನೆಯ ವಿಷಯ ಅಲ್ಲ ತಂಗಿ. ಹೆಂಗಸರಿಗೆ ಬಂಡವಾಳ ಕೊಟ್ಟರೂ ಲಾಭ ಏರುವುದಿಲ್ಲ ಅಂತ ಶ್ರೀಲಂಕಾ, ಘಾನಾಗಳಲ್ಲಿ ಕೆಲವು ಅಧ್ಯಯನಗಳು ಹೇಳಿದ್ದವು, ಅದನ್ನು ಓದಿ ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಅಂದುಕೊಂಡವರೂ ಇದ್ದರು. ಆಮೇಲೆ ಭಾರತದ ಅಂಕಿಅಂಶವನ್ನೂ ಸೇರಿಸಿಕೊಂಡು ಮತ್ತೆ ಲೆಕ್ಕ ಹಾಕಿದಾಗ ಕಂಡಿದ್ದು ಬೇರೆ. ಹೆಂಗಸರಿಗೆ ಬಂದ ದುಡ್ಡು ಮನೆಯ ಗಂಡಸರ ವ್ಯಾಪಾರಕ್ಕೆ ಹೋಗುತ್ತಿತ್ತು. ಮನೆಯಲ್ಲಿ ವ್ಯಾಪಾರ ಮಾಡುವವಳು ಆಕೆ ಒಬ್ಬಳೇ ಆಗಿದ್ದ ಕಡೆ ಲಾಭ ಗಂಡಸರಿಗಿಂತ ಕಮ್ಮಿ ಏನೂ ಇರಲಿಲ್ಲ. ಹಾಗಾಗಿ ನಿಮ್ಮ ಕೈಲಿ ಆಗುವುದಿಲ್ಲ ಅಂತ ಯಾರು ಹೇಳಿದರೂ ನಂಬಬೇಡಿ.

ಮನೆಯವರ ಜೊತೆ ಜಗಳಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ, ಅಲ್ಲಿ ಇರಬೇಕಾದವರು ನೀವು. ದುಡ್ಡು ಬರುವ ಖಾತೆ ನಿಮ್ಮ ಹೆಸರಲ್ಲೇ ಇರಲಿ, ಫೋನೂ ನಿಮ್ಮ ಕೈಯಲ್ಲೇ ಇರಲಿ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಮೊಬೈಲ್ ಹಣ ಬಂದ ಮೇಲೆ ಸುಮಾರು 1,85,000 ಹೆಂಗಸರು ವ್ಯಾಪಾರವನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡರು ಅಂತ 2016ರ ಒಂದು ಅಧ್ಯಯನ ಅಂದಾಜು ಮಾಡಿತು. ದುಡ್ಡು ತನ್ನ ಹತ್ತಿರವೇ ಉಳಿಯುತ್ತದೆ ಅನ್ನುವ ಧೈರ್ಯಕ್ಕೆ ಅಷ್ಟು ಬೆಲೆ ಇದೆ. ಸಾಧ್ಯವಾದರೆ ದುಡ್ಡಿನ ಬದಲು ಮೆಷಿನ್, ಸಾಮಾನು ಕೊಡಿ ಅಂತ ಸಂಸ್ಥೆಯನ್ನು ಕೇಳಿ, ಅದನ್ನು ಬೇರೆ ಅಂಗಡಿಗೆ ತಿರುಗಿಸುವುದು ಕಷ್ಟ. ಸಂಸ್ಥೆಯಿಂದ ಒಬ್ಬರು ಹಿರಿಯರು ಮನೆಗೆ ಬಂದು ಅಪ್ಪ ಅಮ್ಮನ ಹತ್ತಿರ ಮಾತಾಡಲಿ. ಮದುವೆ ಆದರೂ ಕಸುಬು ನಿಮ್ಮ ಜೊತೆಗೇ ಬರುತ್ತದೆ ಅಂತ ಹೊರಗಿನವರ ಬಾಯಿಂದ ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ.

ಪ್ರಶ್ನೆ: ಒಂದೇ ಹಳ್ಳಿಯಲ್ಲಿ ಎಲ್ಲರೂ ಮೊಬೈಲ್ ರಿಪೇರಿ ಅಂಗಡಿಯನ್ನೇ ತೆರೆಯುತ್ತಾರೆ. ಯಾವ ಉದ್ಯಮ ಅಂತ ಹೇಗೆ ಆರಿಸಿಕೊಳ್ಳುವುದು?

ಉತ್ತರ: ಕ್ಲಾಸ್ ಶುರುವಾಗುವ ಮೊದಲೇ ಹುಡುಗರನ್ನು ಸುತ್ತಲಿನ ಹಳ್ಳಿಗಳಿಗೆ ಕಳಿಸಿ. ಜನ ಯಾವ ಕೆಲಸಕ್ಕೆ ಬಸ್ಸು ಹತ್ತಿ ಹೊರಗೆ ಹೋಗುತ್ತಾರೆ, ಹೊರಗಿನಿಂದ ದಿನಾ ಏನು ಬರುತ್ತದೆ, ಸುಗ್ಗಿಯಲ್ಲಿ ಏನು ಕೊಳೆತು ಹೋಗುತ್ತದೆ, ಪಂಪ್‌ಸೆಟ್ ಕೆಟ್ಟರೆ ರಿಪೇರಿಗೆ ಎಷ್ಟು ದಿನ ಕಾಯುತ್ತಾರೆ, ಇಷ್ಟು ಕೇಳಿಕೊಂಡು ಬರಲಿ. ಉತ್ತರದಲ್ಲೇ ಕೆಲಸ ಸಿಗುತ್ತದೆ. ಹಳ್ಳಿಯೊಳಗೇ ತಿರುಗುವ ದುಡ್ಡು ಕಮ್ಮಿ, ಅದನ್ನೇ ಹತ್ತು ಜನ ಹಂಚಿಕೊಂಡರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಹಳ್ಳಿಯ ಮಾಲನ್ನು ಹೊರಗೆ ಮುಟ್ಟಿಸುವ ಕೆಲಸಗಳನ್ನು ಮೊದಲು ನೋಡಿ: ಬೆಳೆ ಒಟ್ಟು ಮಾಡಿ, ವಿಂಗಡಿಸಿ, ಒಣಗಿಸಿ, ತೂಕ ಮಾಡಿ ದೊಡ್ಡ ಗಿರಾಕಿಗೆ ಕೊಡುವುದು. ಯಂತ್ರ ಬಾಡಿಗೆ, ನರ್ಸರಿ, ಸೋಲಾರ್ ರಿಪೇರಿ ಇವೂ ಇವೆ. ಬೆನಿನ್ ದೇಶದ ಪೋರ್ಟೊ-ನೋವೊದಲ್ಲಿ 1985ರಿಂದ ನಡೆಯುತ್ತಿರುವ ಸೊಂಗಾಯ್ ಕೇಂದ್ರದಲ್ಲಿ ಯುವಕರು ಬೆಳೆ, ಮೀನು, ಕೋಳಿ, ಸಂಸ್ಕರಣೆ, ಮಾರಾಟ ಎಲ್ಲವನ್ನೂ ಒಂದೇ ಜಾಗದಲ್ಲಿ ಮಾಡುತ್ತಾ ಕಲಿಯುತ್ತಾರೆ. ಒಂದು ಕಡೆಯ ಕಸ ಇನ್ನೊಂದು ಕಡೆ ಗೊಬ್ಬರವೋ ಮೇವೋ ಆಗುತ್ತದೆ. ಆ ಗಾತ್ರ ನಿಮಗೆ ಬೇಡ, ಆದರೆ ಮಾರುವುದನ್ನೂ ಪಾಠದೊಳಗೆ ಸೇರಿಸಿದ್ದಾರಲ್ಲ, ಅದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಎಲ್ಲರೂ ಉದ್ಯಮಿ ಆಗಲೇಬೇಕಾ ಮೇಡಂ?

ಉತ್ತರ: ಬೇಡ. ಒಳ್ಳೆಯ ಸಂಬಳದ ಕೆಲಸ ಬಯಸುವವರನ್ನು ಅಂಗಡಿಗೆ ತಳ್ಳಬೇಡಿ. ಒಬ್ಬರ ಉದ್ಯಮ ಬೆಳೆದರೆ ಅಲ್ಲೇ ಇನ್ನೂ ನಾಲ್ಕು ಜನರಿಗೆ ಕೆಲಸ ಸಿಗುತ್ತದೆ, ಅದೂ ನಿಮ್ಮ ಬ್ಯಾಚಿನ ಯಶಸ್ಸೇ ಅಲ್ವಾ?

ಪ್ರಶ್ನೆ (ಮೊದಲು ಕೇಳಿದವರು): ಕೊನೆಯದಾಗಿ, ಮೇಲಿನವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಕಳೆದ ಬ್ಯಾಚಿನ ಪೂರ್ತಿ ಪಟ್ಟಿ ತೆಗೆದುಕೊಂಡು ಪ್ರತಿಯೊಬ್ಬರಿಗೂ ಫೋನ್ ಮಾಡಿ. ಶುರು ಮಾಡಿದ್ದೀರಾ, ಇಲ್ಲದಿದ್ದರೆ ಯಾವುದಕ್ಕೆ ನಿಂತಿತು, ಮುಚ್ಚಿದ್ದರೆ ಯಾವ ತಿಂಗಳಲ್ಲಿ ಮತ್ತು ಆಗ ಬಾಕಿ ಎಷ್ಟಿತ್ತು, ಇಷ್ಟೇ ಕೇಳಿ. ಪಾಠ ಸಾಲಲಿಲ್ಲ ಅಂದವರು ಎಷ್ಟು, ದುಡ್ಡು ಅಥವಾ ಗಿರಾಕಿ ಸಿಗಲಿಲ್ಲ ಅಂದವರು ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಆ ಹಾಳೆಯನ್ನು ಹೆಸರು ತೆಗೆದು ಇಲ್ಲೂ ಹಾಕಿ, ಮುಂದಿನ ಬ್ಯಾಚಿಗೆ ಮೊದಲು ಯಾವುದನ್ನು ಬದಲಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.