ಉದ್ದದ ಇಂಗ್ಲಿಷ್ ಪದಗಳನ್ನು ಎಲ್ಲಿ ಒಡೆಯಬೇಕು?

ಸೀಮೆಸುಣ್ಣ:
ಕನ್ನಡ ಮಾಧ್ಯಮದ 7ನೇ ತರಗತಿ ಮಕ್ಕಳು ‘ಅನ್‌ಫರ್ಗೆಟಬಲ್’, ‘ಇಂಟರ್‌ನ್ಯಾಷನಲ್’ ತರಹದ ಪದ ಬಂದರೆ ಮೊದಲ ಮೂರು ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡ್ತಾರೆ. ಸಿಲೆಬಲ್ (ಒಂದು ಸ್ವರವಿರುವ ಉಚ್ಚಾರದ ತುಂಡು) ಪ್ರಕಾರ ಒಡೆಸಬೇಕೋ, ಪ್ರಿಫಿಕ್ಸ್-ಸಫಿಕ್ಸ್ (ಪದದ ಮುಂದೆ, ಹಿಂದೆ ಸೇರುವ ಭಾಗ) ಪ್ರಕಾರವೋ? ಡಿಕ್ಷನರಿಯಲ್ಲಿ ಪದದ ನಡುವೆ ಹಾಕಿರುವ ಚುಕ್ಕೆಗಳನ್ನು ನಂಬಬಹುದಾ?

ಪದಬಿಡಿ:
ಎರಡೂ ಬೇಕು ಮೇಡಂ, ಆದರೆ ಪ್ರಿಫಿಕ್ಸ್-ಸಫಿಕ್ಸ್ ಮೊದಲು. ಮುಂದಿನ ‘ಅನ್’, ಹಿಂದಿನ ‘ಏಬಲ್’ ಎರಡಕ್ಕೂ ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆಸಿ. ನಡುವೆ ‘ಫರ್ಗೆಟ್’ ಉಳಿಯುತ್ತೆ, ಜೊತೆಗೆ ಇನ್ನೊಂದು ಟಿ. ಅದೆಲ್ಲಿಂದ ಬಂತು ಅಂತ ಮಕ್ಕಳು ಕೇಳೇ ಕೇಳ್ತಾರೆ. ಪದದ ಕೊನೆಗೆ ಒಂದು ಸ್ವರ, ಒಂದು ವ್ಯಂಜನ ಇದ್ದು ಉಚ್ಚಾರದ ಒತ್ತು ಕೊನೆಯ ಸಿಲೆಬಲ್ ಮೇಲೆ ಬಿದ್ದರೆ, ಸ್ವರದಿಂದ ಶುರುವಾಗುವ ಸಫಿಕ್ಸ್ ಸೇರುವಾಗ ಆ ವ್ಯಂಜನ ಎರಡಾಗುತ್ತೆ. ‘ವಿಸಿಟ್’ಗೆ ಒತ್ತು ಮೊದಲಲ್ಲಿ, ಹಾಗಾಗಿ ‘ವಿಸಿಟಿಂಗ್’ನಲ್ಲಿ ಒಂದೇ ಟಿ.

ನಡುಭಾಗ ಇನ್ನೂ ಉದ್ದವಿದ್ದರೆ ಮಾತ್ರ ಸಿಲೆಬಲ್. ಎರಡು ಸ್ವರಗಳ ಮಧ್ಯೆ ಎರಡು ವ್ಯಂಜನ ಇದ್ದರೆ ಅವುಗಳ ನಡುವೆ ಒಡೆಯಿರಿ: ನ್ಯಾಪ್-ಕಿನ್. ಒಂದೇ ಇದ್ದರೆ ಮೊದಲು ಸ್ವರದ ನಂತರ ಒಡೆದು ಎಳೆದು ಓದಿಸಿ: ಟೈ-ಗರ್. ಗೊತ್ತಿರುವ ಪದ ಬರಲಿಲ್ಲವೋ, ವ್ಯಂಜನವನ್ನು ಹಿಂದಕ್ಕೆ ಸೇರಿಸಿ: ಕ್ಯಾಬ್-ಇನ್. ‘ಶ’, ‘ಫ’ ಉಚ್ಚಾರದ ಎಸ್‌ಎಚ್, ಪಿಎಚ್ ಜೋಡಿಗಳನ್ನು ಬೇರ್ಪಡಿಸಬೇಡಿ.

ಗುರುಲಘು:
ನಮ್ಮ ಮಕ್ಕಳು ಎರಡು ವ್ಯಂಜನವನ್ನೂ ಮುಂದಿನ ತುಂಡಿಗೇ ತಳ್ಳುವುದಕ್ಕೆ ಕಾರಣ ಒತ್ತಕ್ಷರ. ಬರವಣಿಗೆಯಲ್ಲಿ ಕ-ನ್ನ-ಡ, ಆದರೆ ಬಾಯಲ್ಲಿ ಕನ್-ನ-ಡ. ಅದಕ್ಕೇ ಛಂದಸ್ಸಿನಲ್ಲಿ ‘ಕ’ ಗುರು, ಅಂದರೆ ಎರಡು ಮಾತ್ರೆ. ಪ್ರಸ್ತಾರ ಹಾಕಲು (ಪದ್ಯದ ಅಕ್ಷರಗಳಿಗೆ ಗುರು-ಲಘು ಗುರುತು ಹಾಕಲು) ಕಲಿತವರಿಗೆ ಈ ನಿಯಮ ಅರ್ಧ ಗೊತ್ತಿದ್ದಂತೆಯೇ. ಒಂದು ಎಚ್ಚರಿಕೆ: ‘ರ‍್ಯಾಬಿಟ್’ನಲ್ಲಿ ಎರಡು ಬಿ ಬರೆದರೂ ಉಚ್ಚಾರ ಒಂದೇ. ನಮ್ಮ ‘ಹಬ್ಬ’ದ ಹಾಗೆ ಒತ್ತಿ ಹೇಳಿಸಬೇಡಿ.

ಅಂಚುಗೆರೆ:
ಚುಕ್ಕೆಗಳ ಬಗ್ಗೆ: ಹಲವು ಡಿಕ್ಷನರಿಗಳಲ್ಲಿ ಅವು ಸಾಲಿನ ಕೊನೆಯಲ್ಲಿ ಪದ ಮುರಿಯುವ ಜಾಗ ತೋರಿಸುತ್ತವೆ, ಉಚ್ಚಾರವನ್ನಲ್ಲ. ‘ಅಗೇನ್’ಗೆ ಎರಡು ಸಿಲೆಬಲ್ ಇದ್ದರೂ ಚುಕ್ಕೆ ಇರುವುದಿಲ್ಲ, ಸಾಲಿನ ಕೊನೆಗೆ ಒಂಟಿ ‘ಎ’ ಬಿಡಬಾರದೆಂದು.

ಪದದ ಭಾಗಗಳೂ ಸಿಲೆಬಲ್ಲೂ ಎಲ್ಲಾ ಕಡೆ ಕೂಡುವುದಿಲ್ಲ. ‘ಹೆಲಿಕಾಪ್ಟರ್’ ಓದಲು ಹೆಲ್-ಇ-ಕಾಪ್-ಟರ್. ಮೂಲದಲ್ಲಿ ‘ಹೆಲಿಕೊ’ ಮತ್ತು ‘ಪ್ಟರ್’, ಗ್ರೀಕಿನ ಸುರುಳಿ ಮತ್ತು ರೆಕ್ಕೆ. ಇಂಥದ್ದನ್ನು 7ನೇ ತರಗತಿಗೆ ಸಿಲೆಬಲ್ಲಿನಲ್ಲೇ ಮುಗಿಸಿ.

ಸೀಮೆಸುಣ್ಣ:
ಹಾಗಾದರೆ ‘ಇಂಟರ್‌ನ್ಯಾಷನಲ್’?

ಪದಬಿಡಿ:
ಇಂಟರ್ + ನೇಷನ್ + ಅಲ್. ‘ಅಲ್’ ಸೇರಿದ ಮೇಲೆ ‘ನೇ’ ಹೋಗಿ ‘ನ್ಯಾ’ ಆಗುತ್ತೆ, ಸ್ಪೆಲಿಂಗ್ ಮಾತ್ರ ಹಾಗೇ. ಬರೆಯುವಾಗ ‘ನೇಷನ್’ ನೆನಪಿಸಿ. ಇಲ್ಲದಿದ್ದರೆ ಕೇಳಿದ್ದನ್ನೇ ನಂಬಿ ಟಿ-ಐ ಜಾಗಕ್ಕೆ ಎಸ್-ಎಚ್ ಹಾಕುತ್ತಾರೆ.