ಬಾಯಿಮಾತಿನಲ್ಲಿ ಕೆಲಸದಿಂದ ತೆಗೆದೆ, ಈಗ ನೋಟಿಸು ಬಂದಿದೆ

ಪ್ರಶ್ನೆ (ಶಿರಸಿ): ವಕೀಲರೇ, ನನ್ನದು ಅಡಿಕೆ ವಖಾರಿ, ಹನ್ನೆರಡು ಜನ ಕೆಲಸಕ್ಕಿದ್ದಾರೆ. 11 ವರ್ಷಗಳಿಂದ ತೂಕ ನೋಡುತ್ತಿದ್ದವನು ಚಾಲಿ ಅಡಿಕೆಯ ಚೀಲಗಳಲ್ಲಿ ಕೈಚಳಕ ತೋರಿಸಿದ. ಸಿಟ್ಟಿನಲ್ಲಿ "ನಾಳೆಯಿಂದ ಬರಬೇಡ" ಎಂದೆ. ಈಗ ಕಾರವಾರದ ಕಾರ್ಮಿಕ ಅಧಿಕಾರಿಯಿಂದ ನೋಟಿಸು ಬಂದಿದೆ. "ಅವನೇ ಬಿಟ್ಟು ಹೋದ ಎಂದು ಬರೆದುಕೊಡಿ" ಎನ್ನುತ್ತಾರೆ ಪರಿಚಯದವರು. ನೀವು ಮಾಲೀಕರ ಪರ ವಾದಿಸುವವರು, ಏನು ಮಾಡಲಿ?

ಉತ್ತರ: ಮೊದಲು ಆ ಪರಿಚಯದವರಿಂದ ದೂರವಿರಿ. "ಅವನೇ ಬಿಟ್ಟು ಹೋದ" ಎಂಬುದು ಮಾಲೀಕರು ನನ್ನೆದುರು ತಂದಿಡುವ ಅತಿ ಹಳೆಯ ಸರಕು. ಹಾಗಾದರೆ ಮರಳಿ ಬಾ ಎಂದು ಒಂದಾದರೂ ರಿಜಿಸ್ಟರ್ಡ್ ಪತ್ರ ಹಾಕಿದ್ದೀರಾ ಎಂದು ಕೇಳುತ್ತಾರೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ: ತೆಗೆದೇ ಇಲ್ಲ ಎಂದು ಬರೆದುಕೊಟ್ಟ ಮೇಲೆ, ತೂಕದ ಮೋಸಕ್ಕಾಗಿ ತೆಗೆದೆ ಎನ್ನಲು ನಿಮಗೆ ಬಾಯಿ ಉಳಿಯುವುದಿಲ್ಲ. ಇರುವ ಒಂದೇ ಗಟ್ಟಿ ವಾದವನ್ನು ನೀವೇ ಒಲೆಗೆ ಹಾಕಿದಂತೆ.

ತಪ್ಪಿಗೆ ಶಿಕ್ಷೆಯೆಂದು ತೆಗೆಯುವುದಾದರೆ ಆರೋಪ ಪಟ್ಟಿ ಕೊಟ್ಟು ವಿಚಾರಣೆ ನಡೆಸಬೇಕು. ಕೆಲಸವಿಲ್ಲವೆಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸು, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನ. ಇದರಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೂ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಗೂ ಭೇದವಿಲ್ಲ. ನೀವು ಎರಡನ್ನೂ ಮಾಡಿಲ್ಲ. ಆದರೂ ಮೋಸವನ್ನು ನ್ಯಾಯಾಲಯದಲ್ಲೇ ಸಾಕ್ಷ್ಯ ಸಹಿತ ತೋರಿಸಲು ಅವಕಾಶವಿದೆ. ಅದನ್ನು ಲಿಖಿತ ಹೇಳಿಕೆಯಲ್ಲೇ ಕೇಳಿಕೊಳ್ಳಬೇಕು. ತೂಕದ ಚೀಟಿಗಳನ್ನು ಇಂದೇ ಜೋಪಾನ ಮಾಡಿ. ಸೋತರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2013ರ ದೀಪಾಲಿ ಗುಂಡು ಸುರವಸೆ ತೀರ್ಪು ನೋಡಿ: ಹಿಂಬಾಕಿ ವೇತನದೊಂದಿಗೆ ಮರುನೇಮಕವೇ ಸಾಮಾನ್ಯ ನಿಯಮ.

ಅಧಿಕಾರಿಯೆದುರಿನ ಸಂಧಾನಕ್ಕೆ ವಕೀಲರಿಗೆ ಪ್ರವೇಶವಿಲ್ಲ, ನೀವೇ ಹೋಗಬೇಕು. ದೇವಿಮನೆ ಘಟ್ಟ ಇಳಿಯುವ ಮೊದಲು ಸಿಟ್ಟನ್ನು ವಖಾರಿಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ (ಕಾರವಾರ): ನಮ್ಮದು ಐಸ್ ಕಾರ್ಖಾನೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ, ಕೆಲಸವಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಹೊಸದಾಗಿ ಸೇರಿಸಿಕೊಂಡಂತೆ ಬರೆದರೆ, 240 ದಿನ ದುಡಿದರೆ ಪೂರ್ತಿ ವರ್ಷದ ಸೇವೆ ಎನ್ನುವ ಆ ತಾಪತ್ರಯ ತಪ್ಪುತ್ತದೆಯೇ?

ಉತ್ತರ: ಬೆರಳು ಮಡಚಿ ಎಣಿಸಿ ಮಾರಾಯರೇ. ಆಗಸ್ಟ್ 1ರಿಂದ ಮೇ 31ರವರೆಗೆ 304 ದಿನ. ವಾರದ ರಜೆ ಕಳೆದರೂ ಸುಮಾರು 260. ಸಂಬಳ ಸಹಿತ ರಜೆಯಾದರೆ ಕಳೆಯುವಂತೆಯೂ ಇಲ್ಲ. ಹಾಜರಿ ಪುಸ್ತಕವನ್ನು ಹೀಗೆ ತಿದ್ದುವವರ ಪ್ರಕರಣವನ್ನು ನಾನು ಹಿಡಿಯುವುದಿಲ್ಲ.

ಪ್ರಶ್ನೆ (ಮತ್ತೆ ಶಿರಸಿಯವರು): ಹಾಗಾದರೆ ನಷ್ಟಕ್ಕೆ ಗ್ರಾಚ್ಯುಟಿಯನ್ನಾದರೂ ಹಿಡಿದುಕೊಳ್ಳಲೇ?

ಉತ್ತರ: ಕೊನೆಯ ಸಂಬಳ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ, 15ರಿಂದಲೂ 11ರಿಂದಲೂ ಗುಣಿಸಿದರೆ ಸುಮಾರು 95,192 ರೂಪಾಯಿ. ನಷ್ಟ ಮಾಡಿದ್ದಕ್ಕೇ ತೆಗೆದಿದ್ದರೆ, ಆ ನಷ್ಟದಷ್ಟನ್ನು ಮಾತ್ರ ತಡೆಹಿಡಿಯಬಹುದು. "ಅವನೇ ಬಿಟ್ಟು ಹೋದ" ಎಂದು ಬರೆದುಕೊಟ್ಟಿರೋ, ಅದೂ ಇಲ್ಲ. ಬರೆದುಕೊಟ್ಟಿಲ್ಲ ತಾನೇ?