ಮಗುವಿಗೆ 103 ಡಿಗ್ರಿ ಜ್ವರ ಬಂದ ರಾತ್ರಿ: ಕಂಡುಂಡವರ ಮಾತು

ಪ್ರಶ್ನೆ: ತುಮಕೂರಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಕಳೆದ ತಿಂಗಳಷ್ಟೇ ಎರಡು ವರ್ಷ ತುಂಬಿತು. ನಿನ್ನೆ ಸಂಜೆಯಿಂದ ಅವಳ ಮೈ ಕಾದ ಹಂಚಿನಂತೆ ಸುಡುತ್ತಿದೆ. ರಾತ್ರಿ ಎರಡು ಗಂಟೆಗೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 103 ಡಿಗ್ರಿ ಇತ್ತು. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರೆ ಸ್ವಲ್ಪ ಇಳಿದಂತೆ ಕಂಡು, ಎರಡು ಗಂಟೆಯೊಳಗೆ ಮತ್ತೆ ಏರುತ್ತದೆ. ಇಂದು ಬೆಳಿಗ್ಗೆ ಮಕ್ಕಳ ವೈದ್ಯರಿಗೆ ತೋರಿಸಿದೆವು. ಗಂಟಲು ಸ್ವಲ್ಪ ಕೆಂಪಾಗಿದೆ, ವೈರಲ್ ಜ್ವರದಂತೆ ಕಾಣುತ್ತದೆ, ಮೂರನೆಯ ದಿನಕ್ಕೂ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸೋಣ ಎಂದರು. ಸಿರಪ್ ಮನೆಯಲ್ಲೇ ಇದೆ ಎಂದಾಗ ಅದನ್ನೇ ಮುಂದುವರಿಸಿ ಎಂದು ಹೇಳಿ ಕಳುಹಿಸಿದರು. ಅತ್ತೆಯವರು ಕಂಬಳಿ ಹೊದಿಸಿ ಬೆವರು ಬರಿಸಬೇಕು ಎನ್ನುತ್ತಾರೆ, ಪಕ್ಕದ ಮನೆಯವರು ತಣ್ಣೀರು ಬಟ್ಟೆ ಹಾಕಿ ಎನ್ನುತ್ತಾರೆ. ಜ್ವರ ನೆತ್ತಿಗೇರಿ ಫಿಟ್ಸ್ ಬಂದುಬಿಟ್ಟರೆ ಎಂಬ ಭಯದಲ್ಲಿ ನಾನು ಕಣ್ಣು ಮುಚ್ಚಿಲ್ಲ. ಇಂತಹ ರಾತ್ರಿಗಳನ್ನು ದಾಟಿದವರು ನೀವೇನು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ಇಬ್ಬರು ಮಕ್ಕಳ ತಾಯಿ

ನೀವು ಯಾವುದಕ್ಕೆ ಹೆದರುತ್ತಿದ್ದೀರೋ ಅದು ನಮ್ಮ ಮನೆಯಲ್ಲಿ ಎರಡು ಸಲ ನಡೆದಿದೆ. ಆದ್ದರಿಂದ ಮೊದಲು ಅದರ ಬಗ್ಗೆಯೇ ಬರೆಯುತ್ತೇನೆ.

ನನ್ನ ಮಗನಿಗೆ ಆಗ ಒಂದೂವರೆ ವರ್ಷ. ಮಧ್ಯಾಹ್ನ ಊಟ ಮಾಡಿ, ಆಡಿ, ಸಂಜೆ ಸ್ವಲ್ಪ ಸಪ್ಪಗೆ ಮಲಗಿದ್ದ. ನಾನು ಒಲೆಯ ಮುಂದೆ ಇದ್ದಾಗ ನನ್ನ ಯಜಮಾನರು ಕೂಗಿದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು, ಹಲ್ಲು ಕಚ್ಚಿಕೊಂಡಿತ್ತು, ಎರಡೂ ಕೈಗಳು ಒಂದೇ ಸಮನೆ ಎಳೆಯುತ್ತಿದ್ದವು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೈ ಮುಟ್ಟಿದಾಗಲೇ ಜ್ವರ ಬಂದಿದೆ ಎಂಬುದು ನಮಗೆ ಗೊತ್ತಾದದ್ದು. ಕೆಳಗಿನ ಮನೆಯವರು ಬೀಗದ ಕೈ ತಂದು ಅವನ ಮುಷ್ಟಿಯೊಳಗೆ ತುರುಕಿದರು, ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ನಾಲಿಗೆ ಕಚ್ಚಿಕೊಂಡಾನು ಎಂದು ನಾನು ಚಮಚದ ಹಿಡಿಯನ್ನು ಹಲ್ಲುಗಳ ನಡುವೆ ತೂರಿಸಲು ನೋಡಿದೆ. ಅದರಿಂದ ಆದದ್ದು ಒಸಡಿನಲ್ಲಿ ಗಾಯ ಮತ್ತು ಬಾಯಿ ತುಂಬ ರಕ್ತ, ಅಷ್ಟೇ. ಅರ್ಧ ಗಂಟೆ ಕಳೆದಂತೆ ನನಗೆ ಅನ್ನಿಸಿತ್ತು, ಆದರೆ ಗೋಡೆಯ ಗಡಿಯಾರ ನೋಡಿದ್ದ ಯಜಮಾನರು ಹೇಳುವಂತೆ ಎಲ್ಲವೂ ಎರಡು ನಿಮಿಷದಲ್ಲಿ ನಿಂತಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಕೂರಿಸಿಕೊಂಡು ವಿವರಿಸಿದ್ದು ಇಂದಿಗೂ ನೆನಪಿದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಇಂತಹ ಸೆಳವು ಬರುತ್ತದೆ. ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿ ನಿಲ್ಲುತ್ತವೆ, ಮಿದುಳಿಗೆ ಹಾನಿ ಮಾಡುವುದಿಲ್ಲ, ಅದು ಅಪಸ್ಮಾರವೂ ಅಲ್ಲ. ಒಮ್ಮೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮುಂದಿನ ಯಾವುದಾದರೂ ಜ್ವರದಲ್ಲಿ ಮತ್ತೆ ಬರಬಹುದು. ನನ್ನ ನೆಮ್ಮದಿಗೆ ಹೆಚ್ಚು ನೆರವಾದದ್ದು ಅವರ ಇನ್ನೊಂದು ಮಾತು: ಜ್ವರದ ಔಷಧಿ ಮಗುವಿನ ಸಂಕಟ ಕಡಿಮೆ ಮಾಡುತ್ತದೆಯೇ ಹೊರತು ಸೆಳವು ಬರದಂತೆ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಆದ್ದರಿಂದ ಸೆಳವು ಬಂದರೆ ಅದು ತಾಯಿ ಎಚ್ಚರ ತಪ್ಪಿದ್ದರಿಂದ ಬಂದದ್ದಲ್ಲ. ನಿಮ್ಮ ಮಟ್ಟಿಗೂ ಇದು ನಿಜ. ನೀವು ಥರ್ಮಾಮೀಟರ್ ಹಿಡಿದು ರಾತ್ರಿಯಿಡೀ ಎಚ್ಚರವಿರುವುದರಿಂದ ಸೆಳವು ನಿಲ್ಲುವುದಿಲ್ಲ, ಮಲಗಿದ್ದರಿಂದ ಬರುವುದೂ ಇಲ್ಲ.

ಒಂದು ವರ್ಷದ ನಂತರ ಎರಡನೆಯ ಸಲ ಬಂದಾಗ ನಾವು ತಯಾರಾಗಿದ್ದೆವು. ಮಗುವನ್ನು ನೆಲದ ಮೇಲಿನ ಚಾಪೆಯಲ್ಲಿ ಒಂದು ಮಗ್ಗುಲಿಗೆ ಮಲಗಿಸಿದೆವು, ಕುತ್ತಿಗೆಯ ಗುಂಡಿ ಬಿಚ್ಚಿದೆವು, ಬಾಯಿಯೊಳಗೆ ನೀರಾಗಲಿ ಔಷಧಿಯಾಗಲಿ ಬೆರಳಾಗಲಿ ಹಾಕಲಿಲ್ಲ, ಕೈಕಾಲುಗಳನ್ನು ಅದುಮಿ ಹಿಡಿಯಲಿಲ್ಲ. ಯಜಮಾನರು ಗಡಿಯಾರ ನೋಡುತ್ತಾ ನಿಂತರು, ನಾನು ಮೊಬೈಲಿನಲ್ಲಿ 108 ಒತ್ತಿಟ್ಟುಕೊಂಡು ಪಕ್ಕದಲ್ಲಿ ಕುಳಿತೆ. ಒಂದೂವರೆ ನಿಮಿಷಕ್ಕೆ ನಿಂತಿತು. ಐದು ನಿಮಿಷ ದಾಟಿದರೆ, ಒಂದೇ ದಿನದಲ್ಲಿ ಮತ್ತೆ ಬಂದರೆ, ಮೈಯ ಒಂದೇ ಕಡೆ ಸೆಳೆದರೆ, ಅಥವಾ ನಿಂತ ಮೇಲೂ ಮಗುವಿಗೆ ಸರಿಯಾಗಿ ಎಚ್ಚರವಾಗದಿದ್ದರೆ ಒಂದು ಕ್ಷಣವೂ ಕಾಯಬಾರದು. ಮೊದಲ ಸಲ ಬಂದಾಗಲಂತೂ ತಾನಾಗಿ ನಿಂತರೂ ಅಂದೇ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಮಿದುಳುಜ್ವರವಲ್ಲ ಎಂದು ಅವರು ನೋಡಿ ಹೇಳಬೇಕಾಗುತ್ತದೆ. ಈಗ ಮಗ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾನೆ.

ಹುಬ್ಬಳ್ಳಿಯಿಂದ, ನಿವೃತ್ತ ದಾದಿ

ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಔಷಧಿ ಕೊಟ್ಟರೂ ಜ್ವರ ಇಳಿಯುತ್ತಿಲ್ಲ ಎಂದು ಬರುವ ತಾಯಂದಿರನ್ನು ನಾನು ಮೊದಲು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಮಗುವಿನ ತೂಕವೆಷ್ಟು, ಬಾಟಲಿಯ ಮೇಲೆ ಎಷ್ಟು ಎಂದು ಬರೆದಿದೆ. ನೀವು ಈ ಎರಡನ್ನೂ ಬರೆದಿಲ್ಲವಮ್ಮಾ.

ಪ್ಯಾರಾಸಿಟಮಾಲನ್ನು ವಯಸ್ಸು ನೋಡಿ ಕೊಡುವುದಲ್ಲ, ತೂಕ ನೋಡಿ ಕೊಡುವುದು. ಒಂದು ಸಲಕ್ಕೆ ಒಂದು ಕಿಲೋ ತೂಕಕ್ಕೆ ಸಾಮಾನ್ಯವಾಗಿ 15 ಮಿಲಿಗ್ರಾಂ ಎಂಬುದು ಲೆಕ್ಕ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಾಲ್ಕರಿಂದ ಆರು ಗಂಟೆ ಅಂತರವಿರಬೇಕು, 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಬೇಕು ಎನ್ನಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ ಸಿಗುತ್ತದೆ, 5 ಎಂಎಲ್‌ಗೆ 250 ಇರುವುದೂ ಸಿಗುತ್ತದೆ, ಒಂದೇ ಎಂಎಲ್‌ನಲ್ಲಿ 100 ಇರುವ ಡ್ರಾಪ್ಸ್ ಕೂಡ ಸಿಗುತ್ತದೆ. ಆ 150 ಮಿಲಿಗ್ರಾಂ ಎಂದರೆ 125ರ ಸಿರಪ್ಪಿನಲ್ಲಿ 6 ಎಂಎಲ್, 250ರದ್ದಾದರೆ 3 ಎಂಎಲ್, ಡ್ರಾಪ್ಸ್ ಆದರೆ ಬರೀ ಒಂದೂವರೆ ಎಂಎಲ್. ಡ್ರಾಪ್ಸನ್ನು ಸಿರಪ್ ಎಂದು ತಿಳಿದು ಮುಚ್ಚಳದ ತುಂಬ ಕುಡಿಸಿ ಯಕೃತ್ತಿಗೆ ಅಪಾಯ ತಂದುಕೊಂಡವರನ್ನೂ ಕಂಡಿದ್ದೇನೆ, ಆರು ತಿಂಗಳಲ್ಲಿ ಹೇಳಿದ ಅಳತೆಯನ್ನೇ ಮೂರು ವರ್ಷದವರೆಗೂ ಕೊಡುತ್ತಾ ಜ್ವರ ಇಳಿಯಲಿಲ್ಲ ಎಂದು ಅತ್ತವರನ್ನೂ ಕಂಡಿದ್ದೇನೆ. ಅಡುಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಅಳತೆಯವು, ಅದರ ಬದಲು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಭಾಗಕ್ಕೆ ನಿಧಾನವಾಗಿ ಬಿಡಿ. ನಿಮ್ಮ ಮಗುವಿನ ಅಳತೆಯನ್ನು ನಿಮ್ಮ ವೈದ್ಯರಿಗೆ ಫೋನ್ ಮಾಡಿ ಇಂದೇ ಖಚಿತಪಡಿಸಿಕೊಳ್ಳಿ, ನಂತರ ಒಂದು ಹಾಳೆಯಲ್ಲಿ ಸಮಯ, ಜ್ವರ, ಔಷಧಿಯ ಅಳತೆ ಬರೆಯುತ್ತಾ ಹೋಗಿ. ರಾತ್ರಿ ಗಂಡ ಒಮ್ಮೆ, ಹೆಂಡತಿ ಒಮ್ಮೆ ಕೊಟ್ಟು ಒಂದೇ ಸಮಯಕ್ಕೆ ಎರಡು ಪಟ್ಟಾಗುವುದನ್ನು ಆ ಹಾಳೆ ತಪ್ಪಿಸುತ್ತದೆ. ಶೀತದ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುವುದುಂಟು, ಅದನ್ನೂ ಲೆಕ್ಕ ಹಿಡಿಯಬೇಕು.

ಸರಿಯಾದ ಅಳತೆ ಕೊಟ್ಟರೂ ಔಷಧಿ ಕೆಲಸ ಆರಂಭಿಸಲು ಅರ್ಧದಿಂದ ಒಂದು ಗಂಟೆ ಬೇಕು, ಇಳಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. 103 ಇದ್ದದ್ದು 101ಕ್ಕೆ ಬಂದು ಮಗು ಕಣ್ಣರಳಿಸಿ ನೋಡಿದರೆ ಔಷಧಿ ತನ್ನ ಕೆಲಸ ಮಾಡಿದೆ ಎಂದೇ ಅರ್ಥ, 98.6ಕ್ಕೆ ಇಳಿಸಲೇಬೇಕೆಂಬ ಹಟ ಬೇಡ. ಅದಕ್ಕಾಗಿ ಮನೆಯಲ್ಲಿ ಉಳಿದಿರುವ ಬೇರೆ ಜ್ವರದ ಔಷಧಿ ಕೊಡಬೇಡಿ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ಐಬುಪ್ರೊಫೇನ್ ಮತ್ತು ಮೆಫೆನಮಿಕ್ ಆ್ಯಸಿಡ್ ಇರುವ ಸಿರಪ್ಪುಗಳನ್ನು ಡೆಂಗಿ ಅಲ್ಲವೆಂದು ಖಾತ್ರಿಯಾಗದೆ, ವೈದ್ಯರು ಹೇಳದೆ ಮುಟ್ಟಬೇಡಿ, ಡೆಂಗಿ ಇದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಇನ್ನೊಂದು ಕೆಲಸ ಕಲಿತುಕೊಳ್ಳಿ. ಔಷಧಿಯಿಂದ ಜ್ವರ ಇಳಿದು ಮಗು ಮಲಗಿದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿನ ಉಸಿರು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚಿದ್ದರೆ, ಅಥವಾ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ನ್ಯುಮೋನಿಯಾ ಇರಬಹುದು, ಬೆಳಗಾಗಲಿ ಎಂದು ಕಾಯಬಾರದು. ಕುತ್ತಿಗೆ ಬಿಗಿದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಒತ್ತಿದರೂ ಮಾಸದ ಕೆಂಪು ಕಲೆಗಳು ಎದ್ದರೆ, ಕೂಗಿದರೂ ಮಗು ಕಣ್ಣು ತೆರೆಯದಿದ್ದರೆ ಆಗಲೂ ಹೀಗೆಯೇ. ಮೂರು ತಿಂಗಳೊಳಗಿನ ಕೂಸಿಗಾದರೆ 100.4 ಡಿಗ್ರಿ ಮುಟ್ಟಿದರೇ ಸಾಕು, ಔಷಧಿ ಕೊಟ್ಟು ನೋಡೋಣ ಎನ್ನದೆ ನೇರ ಆಸ್ಪತ್ರೆಗೆ ಹೋಗಬೇಕು.

ಕುಂದಾಪುರದಿಂದ, ಮೂವರು ಮೊಮ್ಮಕ್ಕಳ ಅಜ್ಜಿ

ಮಗಳೇ, ನಿನ್ನ ಅತ್ತೆ ಹೇಳುವ ಕಂಬಳಿಯನ್ನು ನಾನೂ ನನ್ನ ಮಕ್ಕಳಿಗೆ ಹೊದಿಸಿದವಳೇ, ಅವರ ಅಕ್ಕರೆಯ ಬಗ್ಗೆ ತಪ್ಪು ತಿಳಿಯಬೇಡ. ಆದರೆ ಹೊದ್ದಿಸಿದರೆ ಒಳಗಿನ ಶಾಖ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ತೆಳುವಾದ ಹತ್ತಿಯ ಅಂಗಿ ಸಾಕು, ಕಿಟಕಿ ತೆರೆದಿರಲಿ. ತಣ್ಣೀರು ಬಟ್ಟೆಯೂ ಬೇಡ, ತಣ್ಣೀರು ತಗಲಿದಾಗ ಮಗು ನಡುಗುತ್ತದೆ, ನಡುಗಿದರೆ ಮೈ ಇನ್ನಷ್ಟು ಕಾಯುತ್ತದೆ. ಮಗುವಿಗೆ ಹಿತವೆನಿಸಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮೈ ಒರೆಸು, ಅತ್ತು ರಂಪ ಮಾಡಿದರೆ ಬಿಟ್ಟುಬಿಡು.

ಊಟ ಮಾಡಲಿಲ್ಲ ಎಂದು ಎರಡು ದಿನ ಕೊರಗಬೇಡ, ನೀರಿನ ಅಂಶ ಮಾತ್ರ ನಿಲ್ಲಬಾರದು. ಉಪ್ಪು ಹಾಕಿದ ಗಂಜಿ ತಿಳಿ, ಎಳನೀರು, ಓಆರ್‌ಎಸ್, ಎದೆಹಾಲು ಇನ್ನೂ ಕುಡಿಯುತ್ತಿದ್ದರೆ ಅದು, ಯಾವುದಾದರೂ ಸರಿ. ಲೋಟ ಹಿಡಿದರೆ ಮುಖ ತಿರುಗಿಸುವ ಮಗು ಐದು ನಿಮಿಷಕ್ಕೊಂದು ಚಮಚದಂತೆ ಕೊಟ್ಟರೆ ಕುಡಿಯುತ್ತದೆ. ಎಷ್ಟು ಕುಡಿಯಿತು ಎನ್ನುವುದಕ್ಕಿಂತ ಎಷ್ಟು ಸಲ ಉಚ್ಚೆ ಹೊಯ್ದಿತು ಎಂದು ನೋಡು. ಆರೆಂಟು ಗಂಟೆ ಒಮ್ಮೆಯೂ ಹೊಯ್ಯದಿದ್ದರೆ, ಬಾಯಿ ಒಣಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಡಾಕ್ಟರ ಬಳಿ ಹೋಗು.

ನನ್ನ ಕಿರಿಯ ಮೊಮ್ಮಗಳಿಗೆ ಹನ್ನೊಂದು ತಿಂಗಳಿದ್ದಾಗ ಮೂರು ದಿನ 104ರವರೆಗೆ ಜ್ವರ ಬಂದು, ನಾಲ್ಕನೆಯ ದಿನ ಜ್ವರ ಪೂರಾ ಬಿಟ್ಟು, ಎದೆ ಬೆನ್ನಿನ ಮೇಲೆಲ್ಲ ಸಣ್ಣ ಗುಲಾಬಿ ಗುಳ್ಳೆಗಳು ಎದ್ದಿದ್ದವು. ದಡಾರವೆಂದು ಹೆದರಿ ಓಡಿದೆವು. ರೋಸಿಯೋಲ ಎಂಬ ವೈರಸ್ ಜ್ವರವಿದು, ಗುಳ್ಳೆ ಎದ್ದಿತೆಂದರೆ ಕಾಯಿಲೆ ಮುಗಿಯಿತೆಂದು ಅರ್ಥ ಎಂದು ಡಾಕ್ಟರು ಹೇಳಿದರು. ಆ ಮೂರೂ ದಿನ ಜ್ವರ ಇಳಿದಾಗಲೆಲ್ಲ ಕೂಸು ನಗುತ್ತಿತ್ತು, ಅಂಬೆಗಾಲಿಡುತ್ತಿತ್ತು. ಜ್ವರದ ಅಂಕಿ ದೊಡ್ಡದಾದ ಮಾತ್ರಕ್ಕೆ ಕಾಯಿಲೆ ದೊಡ್ಡದೆಂದಲ್ಲ ಎಂಬುದು ನನಗೆ ಆಗ ತಿಳಿಯಿತು.

ಸಾಗರದಿಂದ, ಒಬ್ಬ ತಂದೆ

ಅಜ್ಜಿಯವರು ಹೇಳಿದ ಮಾತಿಗೆ ಇನ್ನೊಂದು ಮಗ್ಗುಲೂ ಇದೆ, ನಮ್ಮ ಮಗಳಿಂದಾಗಿ ಅದು ನಮಗೆ ತಿಳಿಯಿತು. 2024ರ ಮಳೆಗಾಲದಲ್ಲಿ ರಾಜ್ಯದಲ್ಲಿ ಡೆಂಗಿ ಎಷ್ಟು ಹರಡಿತ್ತೆಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಮ್ಮ ನಾಲ್ಕು ವರ್ಷದ ಮಗಳಿಗೆ ನಾಲ್ಕು ದಿನ 102, 103 ಇದ್ದ ಜ್ವರ ಐದನೆಯ ದಿನ ಬೆಳಿಗ್ಗೆ ಬಿಟ್ಟಿತು. ನಾವು ದೇವರಿಗೆ ದೀಪ ಹಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ಅವಳು ಹೊಟ್ಟೆ ನೋವೆಂದು ಮುದುರಿಕೊಂಡಳು, ಎರಡು ಸಲ ವಾಂತಿ ಮಾಡಿದಳು. ಪಾದ ಮುಟ್ಟಿದರೆ ಹಸಿ ನೆಲ ಮುಟ್ಟಿದಂತೆ ತಣ್ಣಗಿತ್ತು. ಮೊದಲು ತೋರಿಸಿದ ಕಡೆ ಜ್ವರವೇ ಇಲ್ಲವಲ್ಲ, ಗಾಬರಿ ಬೇಡ ಎಂದು ಕಳುಹಿಸಿದರು. ನನ್ನ ಹೆಂಡತಿ ಒಪ್ಪದೆ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದಳು. ರಕ್ತನಾಳದಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯತೊಡಗಿದೆ ಎಂದು ಅಲ್ಲಿ ಕೂಡಲೇ ಸಲೈನ್ ಹಾಕಿ, ಎರಡು ದಿನ ಗಂಟೆ ಗಂಟೆಗೂ ನೋಡಿಕೊಂಡರು. ಡೆಂಗಿಯಲ್ಲಿ ಕಂಟಕದ ಗಳಿಗೆ ಬರುವುದು ಜ್ವರ ಏರಿದಾಗಲ್ಲ, ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವಾಗ. ಆದ್ದರಿಂದ ನಿಮ್ಮ ಮಗುವಿಗೆ ಜ್ವರ ಬಿಟ್ಟ ಮೇಲೂ ಎರಡು ದಿನ ಕೈಕಾಲು ಮುಟ್ಟಿ ನೋಡುತ್ತಿರಿ. ಪಪ್ಪಾಯಿ ಎಲೆಯ ರಸವನ್ನು ನಾವೂ ಕುಡಿಸಿದ್ದೆವು, ಅದರ ಕಹಿಗೆ ವಾಂತಿಯಾಗಿ ಕುಡಿದ ಎಳನೀರೂ ಹೊರಗೆ ಹೋಯಿತು. ಈಗಿನಂತಿದ್ದರೆ ನಾನು ಕುಡಿಸುತ್ತಿರಲಿಲ್ಲ.

ವೈದ್ಯರು ಹೇಳಿದ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ. ಡೆಂಗಿಗೆ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಪ್ರಯೋಜನಕಾರಿ. ಹೆಣ್ಣುಮಗುವಾದ್ದರಿಂದ ಮೂತ್ರಪರೀಕ್ಷೆಯೂ ಬೇಕೇ ಎಂದು ಕೇಳಿ, ಮೂತ್ರದ ಸೋಂಕಿದ್ದರೆ ಎಷ್ಟೋ ಸಲ ಜ್ವರವೊಂದನ್ನು ಬಿಟ್ಟು ಬೇರೆ ಲಕ್ಷಣವೇ ಇರುವುದಿಲ್ಲ.

ತುಮಕೂರಿನ ತಾಯಿ, ಮರುದಿನ ಮುಂಜಾನೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಕ್ಕಿಯ ತಕ್ಕಡಿ ಇರುವ ಎದುರಿನ ಅಂಗಡಿಗೆ ಮಗುವನ್ನು ಎತ್ತಿಕೊಂಡು ಹೋಗಿ ತೂಗಿಸಿದೆವು, 11 ಕಿಲೋ 200 ಗ್ರಾಂ. ಬಾಟಲಿಯ ಮೇಲೆ 5 ಎಂಎಲ್‌ಗೆ 125 ಮಿಲಿಗ್ರಾಂ ಎಂದಿದೆ. ನಾವು ಕೊಡುತ್ತಿದ್ದದ್ದು ಮೂರೂವರೆ ತಿಂಗಳ ಚುಚ್ಚುಮದ್ದಿನ ದಿನ ಹೇಳಿದ್ದ ಎರಡೂವರೆ ಎಂಎಲ್. ವೈದ್ಯರಿಗೆ ಫೋನ್ ಮಾಡಿ ತೂಕ ಹೇಳಿದಾಗ ಆರೂವರೆ ಎಂಎಲ್ ಕೊಡಿ ಎಂದರು. ರಾತ್ರಿ ಹನ್ನೊಂದಕ್ಕೆ ಕೊಟ್ಟೆವು, ಹನ್ನೆರಡೂವರೆಗೆ 100.8 ಇತ್ತು. ಮಲಗಿದಾಗ ಉಸಿರು ಎಣಿಸಿದೆ, ಮೂವತ್ತೆರಡು. ಅತ್ತೆಯವರೇ ಕಂಬಳಿ ಮಡಿಸಿಟ್ಟು ಗಂಜಿ ತಿಳಿ ಮಾಡಿಕೊಟ್ಟರು. ಮಗಳು ಏಳು ಚಮಚ ಕುಡಿದು, ಎಂಟನೆಯದನ್ನು ಗೊಂಬೆಗೇ ಕುಡಿಸಬೇಕೆಂದು ಹಟ ಹಿಡಿದಳು. ಬೆಳಿಗ್ಗೆ ಮತ್ತೆ 102 ಇದೆ, ಹಾಳೆಯಲ್ಲಿ ಬರೆದಿದ್ದೇನೆ. ಒಂಬತ್ತು ಗಂಟೆಗೆ ಲ್ಯಾಬ್ ತೆರೆದ ಕೂಡಲೇ ರಕ್ತ ಮತ್ತು ಮೂತ್ರ ಎರಡನ್ನೂ ಕೊಟ್ಟು ಬರುತ್ತೇವೆ.